ಚೀನಾದ ಝೆಜಿಯಾಂಗ್ ಯೂನಿವರ್ಸಿಟಿಯಿಂದ ಅಷ್ಟೊಂದು ರಿಸರ್ಚ್ ಪೇಪರ್ ಹೇಗೆ ಬರುತ್ತೆ?

ಮೊದಲನೇ ಕಾರಣ ಸೈಜು. ಹಾಂಗ್‌ಝೌ ಊರಲ್ಲಿರೋ ಈ ಯೂನಿವರ್ಸಿಟಿ ಶುರುವಾಗಿದ್ದು 1897ರಲ್ಲಿ, ಆದ್ರೆ ಈಗಿನ ರೂಪ ಬಂದಿದ್ದು 1998ರಲ್ಲಿ, ಅಗ್ರಿಕಲ್ಚರ್, ಮೆಡಿಕಲ್ ಸೇರಿ ನಾಲ್ಕು ಯೂನಿವರ್ಸಿಟಿಗಳನ್ನ ಒಂದು ಮಾಡಿದಾಗ. ಹಾಗಾಗಿ ಭತ್ತದ ತಳಿ ಮೇಲೆ ಕೆಲಸ ಮಾಡೋರು, ಚಿಪ್ ಮಾಡೋರು ಎಲ್ಲಾ ಒಂದೇ ಹೆಸರಲ್ಲಿ ಬರೀತಾರೆ.

ಜನ ಗಮನಿಸದೇ ಇರೋದು ಆಸ್ಪತ್ರೆಗಳನ್ನ. ಅದಕ್ಕೆ ಸೇರಿದ ದೊಡ್ಡ ದೊಡ್ಡ ಆಸ್ಪತ್ರೆಗಳಿವೆ, ಅಲ್ಲಿನ ಸರ್ಜನ್ ಒಬ್ರು ಲಿವರ್ ಕಸಿ ಬಗ್ಗೆ ಪೇಪರ್ ಬರೆದ್ರೆ ಹೆಸರಿನ ಕೆಳಗಿನ ವಿಳಾಸದಲ್ಲಿ ಯೂನಿವರ್ಸಿಟಿ ಹೆಸರೂ ಇರುತ್ತೆ, ಅದೂ ಲೆಕ್ಕಕ್ಕೆ ಸೇರುತ್ತೆ.

ಇನ್ನು ಒತ್ತಡ. ಚೀನಾದಲ್ಲಿ ಬಹಳ ಕಡೆ ಪಿಎಚ್‌ಡಿಗೂ ಪ್ರಮೋಷನ್‌ಗೂ ಪೇಪರ್ ಬೇಕೇ ಬೇಕು ಅನ್ನೋ ರೂಲ್ ಇತ್ತು, ಕ್ಯಾಶ್ ಬಹುಮಾನಾನೂ ಕೊಡ್ತಿದ್ರು, 2020ರಲ್ಲಿ ಸರ್ಕಾರವೇ ಈ ಬಹುಮಾನ ನಿಲ್ಲಿಸಿ, ಬರೀ ಪೇಪರ್ ಎಣಿಸಬೇಡಿ ಅಂತು. ಅದು ಒಳ್ಳೇ ನಿರ್ಧಾರ ಅಂತಾನೇ ನನ್ನ ಅಭಿಪ್ರಾಯ.

ನೆದರ್ಲೆಂಡ್ಸ್‌ನ ಲೈಡನ್ ಯೂನಿವರ್ಸಿಟಿಯೋರು ಜಗತ್ತಿನ ಯೂನಿವರ್ಸಿಟಿಗಳ ಪೇಪರ್ ನೋಡಿ ಮಾಡೋ ಲೈಡನ್ ರ‍್ಯಾಂಕಿಂಗ್‌ನಲ್ಲಿ ಪೇಪರ್ ಸಂಖ್ಯೆ ನೋಡಿದ್ರೆ ಝೆಜಿಯಾಂಗ್ ತುತ್ತತುದೀಲಿದೆ. ಆದ್ರೆ ಅಲ್ಲೇ ಪಕ್ಕದ ಕಾಲಂ ನೋಡಿ, ಒಟ್ಟು ಪೇಪರ್‌ಗಳಲ್ಲಿ ಅತಿ ಹೆಚ್ಚು ಸೈಟೇಷನ್ (ಬೇರೆ ಪೇಪರ್‌ಗಳಲ್ಲಿ ಉಲ್ಲೇಖ) ಸಿಕ್ಕಿದ್ದೆಷ್ಟು ಪರ್ಸೆಂಟ್ ಅನ್ನೋದ್ರಲ್ಲಿ ಹಾರ್ವರ್ಡ್ ಇನ್ನೂ ಸಾಕಷ್ಟು ಮುಂದಿದೆ.