ಹೃದಯ ಕೊನೆಯ ಪಂಕ್ತಿಯಲ್ಲಿ ಕೂರುವುದಿಲ್ಲ

ಪ್ರಿಯರೇ,

ನಿಮ್ಮ ತಂದೆಯವರ ಎದೆನೋವಿನ ಬಗ್ಗೆ ಕಳಿಸಿದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಆಸ್ಪತ್ರೆಯ ಭಾಗ ಚೆನ್ನಾಗಿ ಬಂದಿದೆ. ಆದರೆ ಎರಡನೇ ಪುಟಕ್ಕೆ ಬಂದಾಗ ನನಗೆ ನಿಜಕ್ಕೂ ಸಿಟ್ಟು ಬಂತು.

"ಹೃದಯ ಅಮ್ಮನ ಹಾಗೆ. ಎಲ್ಲರಿಗೂ ಬಡಿಸಿ, ಉಳಿದದ್ದನ್ನು ಕೊನೆಗೆ ತಾನು ಉಣ್ಣುತ್ತದೆ" ಎಂದು ಬರೆದಿದ್ದೀರಿ. ಓದುವವರ ಕಣ್ಣು ಒದ್ದೆಯಾಗಬಹುದು, ಆದರೆ ವಿಷಯ ಪೂರ್ತಿ ತಲೆಕೆಳಗು. ಎಡ ಹೃತ್ಕುಕ್ಷಿಯಿಂದ, ಅಂದರೆ ಹೃದಯದ ಕೆಳಗಿನ ಎಡ ಕೋಣೆಯಿಂದ, ಹೊರಟ ರಕ್ತ ದೇಹಕ್ಕೆಲ್ಲ ರಕ್ತ ಒಯ್ಯುವ ದೊಡ್ಡ ನಾಳವಾದ ಮಹಾಅಪಧಮನಿ ಸೇರುತ್ತದೆ. ಅದರ ಬುಡದಲ್ಲೇ, ಕವಾಟಕ್ಕೆ ಅಂಟಿಕೊಂಡಂತೆ, ಹೃದಯದ ಸ್ನಾಯುವಿಗೇ ರಕ್ತ ಒಯ್ಯುವ ಎರಡು ಕರೋನರಿ ಅಪಧಮನಿಗಳು ಕವಲೊಡೆಯುತ್ತವೆ. ಮೆದುಳಿಗೆ ಹೋಗುವ ನಾಳಗಳೂ ಆಮೇಲೆಯೇ. ಮೊದಲ ಪಾಲು ಹೃದಯದ್ದು.

ಮುಂದಿನ ಸಾಲು: "ರಕ್ತದಲ್ಲೇ ಮುಳುಗಿರುವ ಹೃದಯಕ್ಕೆ ರಕ್ತದ ಕೊರತೆಯೇ?" ಪ್ರಶ್ನೆ ಕೇಳಿ ಸುಮ್ನೆ ಬಿಟ್ಟಿದ್ದೀರಿ. ಉತ್ತರ ಇದೆ. ಕೋಣೆಯೊಳಗೆ ತುಂಬಿರುವ ರಕ್ತದಿಂದ ಗೋಡೆಯ ಒಳಬದಿಯ ತೀರಾ ತೆಳುವಾದ ಪದರಕ್ಕೆ ಮಾತ್ರ ಆಮ್ಲಜನಕ ಸಿಗುತ್ತದೆ. ದಪ್ಪ ಸ್ನಾಯುವಿಗೆ ಹೊರಮೈ ಮೇಲೆ ಹರಡಿದ ಕರೋನರಿ ಕವಲುಗಳೇ ಗತಿ. ಅವು ಹೊರಗಿನಿಂದ ಒಳಕ್ಕೆ ಇಳಿಯುತ್ತವೆ. ಕೆಲಸ ಮುಗಿಸಿದ ರಕ್ತದ ಬಹುಪಾಲು ಹೃದಯದ ಹಿಂಬದಿಯ ದೊಡ್ಡ ಸಿರೆಯೊಂದರಲ್ಲಿ ಸೇರಿ ಬಲ ಹೃತ್ಕರ್ಣಕ್ಕೆ, ಅಂದರೆ ಮೇಲಿನ ಬಲ ಕೋಣೆಗೆ, ಹೋಗುತ್ತದೆ.

ಆಮೇಲೆ ಇದು: "ಹೃದಯ ಬಲವಾಗಿ ಹಿಂಡಿದಾಗ ಅದರ ಸ್ನಾಯುವಿಗೂ ರಕ್ತ ನುಗ್ಗುತ್ತದೆ." ಎಡ ಹೃತ್ಕುಕ್ಷಿಯಲ್ಲಿ ಆಗುವುದು ಇದರ ಉಲ್ಟಾ. ಸ್ನಾಯು ಬಿಗಿದಾಗ ತನ್ನೊಳಗಿನ ನಾಳಗಳನ್ನೂ ಅದುಮಿಬಿಡುತ್ತದೆ. ಅದಕ್ಕೆ ಹೆಚ್ಚಿನ ರಕ್ತ ಸಿಗುವುದು ಸಡಿಲಗೊಂಡಾಗ. ಬಡಿತ ಜಾಸ್ತಿಯಾದಷ್ಟೂ ಈ ಸಡಿಲದ ಹೊತ್ತೇ ಕಡಿಮೆಯಾಗುತ್ತದೆ. ಇನ್ನೊಂದು ವಿಷಯ. ಸುಮ್ಮನೆ ಕೂತಿದ್ದಾಗಲೂ ಹೃದಯ ತನಗೆ ಬಂದ ರಕ್ತದಿಂದ ಸುಮಾರು ಶೇ. 70ರಷ್ಟು ಆಮ್ಲಜನಕ ಹೀರಿಕೊಂಡಿರುತ್ತದೆ. ಇಡೀ ದೇಹದ ಲೆಕ್ಕದಲ್ಲಿ ಇದು ಶೇ. 25ರ ಆಸುಪಾಸು. ಹಾಗಾಗಿ ಹೆಚ್ಚು ಬೇಕಾದಾಗ ಹೆಚ್ಚು ರಕ್ತ ಬರಲೇಬೇಕು. ನಾಳ ಕಿರಿದಾಗಿದ್ದರೆ ಎಲ್ಲಿಂದ ಬರಬೇಕು?

ನಿಮ್ಮ ತಂದೆಯವರು ಕೂತಾಗ ಆರಾಮಾಗಿದ್ದು, ಮೆಟ್ಟಿಲು ಹತ್ತುವಾಗ ಮಾತ್ರ ಎದೆ ಹಿಡಿದುಕೊಂಡದ್ದು ಇದಕ್ಕೇ. ಮೊದಲ ಪುಟದಲ್ಲಿ ನೀವೇ ಬರೆದಿದ್ದೀರಿ! ಅಂಥ ವಿವರ ಕೈಯಲ್ಲಿದ್ದೂ ಅದನ್ನು ಬಿಟ್ಟು ಅಮ್ಮನ ಕಡೆ ಹೋಗಿಬಿಟ್ಟಿರಿ. ನನಗೆ ಬೇಸರವಾದದ್ದು ಅಲ್ಲೇ.

ನಾನು ಪತ್ರಿಕೆಗೆ ಸೇರಿದ ಹೊಸದರಲ್ಲಿ, ವಿಜ್ಞಾನದ ಬರಹ ಒಯ್ದರೆ ನಮ್ಮ ಹಿರಿಯ ಸಂಪಾದಕರದ್ದು ಒಂದೇ ಪ್ರಶ್ನೆ: "ಎಲ್ಲಿಂದ ಹೊರಟು ಎಲ್ಲಿಗೆ ಹೋಯಿತು? ಬೆರಳಿಟ್ಟು ತೋರಿಸು." ಹೃದಯದ ಬಗ್ಗೆ ಬರೆಯಬೇಕಾದಾಗ ಮಟನ್ ಅಂಗಡಿಯಿಂದ ಕುರಿಯ ಹೃದಯ ತರಿಸಿದರು. ಮಹಾಅಪಧಮನಿಯನ್ನು ಉದ್ದಕ್ಕೆ ಸೀಳಿದೆವು. ಕವಾಟದ ಮೂರು ಎಸಳು ಕಂಡವು. ಎರಡರ ಹಿಂದೆ ಪುಟ್ಟ ತೂತುಗಳು. ಒಂದಕ್ಕೆ ಊದುಬತ್ತಿಯ ಕಡ್ಡಿ ತೂರಿಸಿದರೆ ಅದು ಹೊರಮೈಯ ಕೊಬ್ಬಿನಡಿ ಸಾಗಿತು. ಅವರು ಹೆಚ್ಚು ಮಾತಾಡಲಿಲ್ಲ, ಬರೆಯಲು ಕೂರಿಸಿದರು. ಅವತ್ತು ನನಗೆ ವಿಶೇಷಣಗಳೇ ಬೇಕೆನಿಸಲಿಲ್ಲ.

ಅಮ್ಮನ ಸಾಲು ತೆಗೆಯಿರಿ. ಲೇಖನವನ್ನು ಮೆಟ್ಟಿಲಿನಿಂದಲೇ ಶುರು ಮಾಡಿ. ಆಂಜಿಯೋಗ್ರಾಮ್ ಆದಾಗ ಯಾವ ನಾಳ ಕಿರಿದಾಗಿದೆ ಎಂದು ವೈದ್ಯರು ಹೇಳಿರುತ್ತಾರೆ ಅಲ್ವಾ? ಮನೆಯಲ್ಲಿ ರಿಪೋರ್ಟ್ ಇರುತ್ತದೆ, ತೆಗೆದು ನೋಡಿ, ಅದು ಹೃದಯದ ಯಾವ ಭಾಗಕ್ಕೆ ರಕ್ತ ಒಯ್ಯುತ್ತದೆ ಎಂದು ಬರೆಯಿರಿ. ಆಮೇಲೆ ಕಳಿಸಿ, ನಾನೇ ಓದುತ್ತೇನೆ.