ಯಾವುದು ಆಕರ, ಯಾವುದು ಅಲ್ಲ?

ಪ್ರಶ್ನೆ: ನಾನು ಸಂಶೋಧನ ವಿದ್ಯಾರ್ಥಿನಿ. ಅಂತರ್ಜಾಲದಲ್ಲಿ ಒಂದು ಪದ ಹುಡುಕಿದರೆ ಸಾವಿರಾರು ಬರಹಗಳು ಎದುರಾಗುತ್ತವೆ. ಇವುಗಳಲ್ಲಿ ಯಾವುದನ್ನು ಆಕರವೆಂದು ಒಪ್ಪಬೇಕು? ಇಷ್ಟೆಲ್ಲ ಕುಳಿತಲ್ಲೇ ಸಿಗುವಾಗ ಗ್ರಂಥಾಲಯದ ಅಗತ್ಯವಾದರೂ ಏನು?

ಉತ್ತರ: ಬರಹವೊಂದನ್ನು ಒಪ್ಪುವ ಮೊದಲು, ಅದರ ಲೇಖಕರು ತಾವೇ ಕಂಡದ್ದನ್ನು, ಅಳೆದದ್ದನ್ನು ಹೇಳುತ್ತಿದ್ದಾರೆಯೇ ಅಥವಾ ಬೇರೊಬ್ಬರ ಮಾತನ್ನು ದಾಟಿಸುತ್ತಿದ್ದಾರೆಯೇ ಎಂದು ಕೇಳಿಕೊಳ್ಳಿ. ಪ್ರಯೋಗದ ವರದಿ, ಶಾಸನ, ಪತ್ರ, ಜನಗಣತಿಯ ಅಂಕಿಅಂಶಗಳು ಪ್ರಾಥಮಿಕ ಆಕರಗಳು. ಅವುಗಳನ್ನು ವಿವೇಚಿಸುವ ಗ್ರಂಥ, ಲೇಖನಗಳು ದ್ವಿತೀಯಕ. ವಿಶ್ವಕೋಶ, ಕೈಪಿಡಿಗಳು ತೃತೀಯಕ. ಈ ವಿಂಗಡಣೆ ನಿಮ್ಮ ಪ್ರಶ್ನೆಯನ್ನು ಅವಲಂಬಿಸಿದೆ: ಹಳೆಯ ಪಠ್ಯಪುಸ್ತಕವೊಂದು ಶಿಕ್ಷಣದ ಇತಿಹಾಸ ಬರೆಯುವವರಿಗೆ ಪ್ರಾಥಮಿಕ ಆಕರವೇ ಆಗುತ್ತದೆ. ವಿಶ್ವಕೋಶದಿಂದ ಆರಂಭಿಸಬಹುದು, ಆದರೆ ಅಲ್ಲಿಯೇ ನಿಲ್ಲಬಾರದು.

ಪಾಲಕ್ ಸೊಪ್ಪಿನ ಪ್ರಸಂಗವನ್ನೇ ನೋಡಿ. ಹತ್ತೊಂಬತ್ತನೆಯ ಶತಮಾನದಲ್ಲಿ ದಶಮಾಂಶ ಬಿಂದು ತಪ್ಪಿ ಬಿದ್ದದ್ದರಿಂದ ಪಾಲಕ್‌ನಲ್ಲಿ ವಾಸ್ತವಕ್ಕಿಂತ ಹತ್ತು ಪಟ್ಟು ಕಬ್ಬಿಣಾಂಶವಿದೆಯೆಂದು ಜನ ನಂಬಿದರು ಎಂದು 1981ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ಲೇಖನವೊಂದು ಆಧಾರ ನೀಡದೆ ಹೇಳಿತು. ಅನೇಕ ವಿದ್ವಾಂಸರು ಅದನ್ನು ಹಾಗೆಯೇ ಉದ್ಧರಿಸಿದರು. 2010ರಲ್ಲಿ ಬ್ರಿಟನ್ನಿನ ಅಪರಾಧಶಾಸ್ತ್ರಜ್ಞ ಮೈಕ್ ಸಟನ್ ಮೂಲವನ್ನು ಹುಡುಕುತ್ತ ಹೋದಾಗ ಆ ದಶಮಾಂಶದ ಕಥೆಗೇ ಆಧಾರ ಸಿಗಲಿಲ್ಲ. ಅಜಾಗರೂಕತೆಯ ವಿರುದ್ಧ ಎಚ್ಚರಿಸಲು ಹೇಳುತ್ತಿದ್ದ ಉದಾಹರಣೆಯೇ ಅಜಾಗರೂಕತೆಯಿಂದ ಹಬ್ಬಿದ್ದು ನಿಜಕ್ಕೂ ಕಳವಳದ ಸಂಗತಿ. ನೀವು ಓದದ ಮೂಲವನ್ನು, ಓದಿದವರಂತೆ ಉಲ್ಲೇಖಿಸಬೇಡಿ.

ಮೂಲದವರೆಗೆ ಹೋಗಲು ಗ್ರಂಥಾಲಯ ಬೇಕೇ ಬೇಕು. ಸಾಮಾನ್ಯ ಹುಡುಕಾಟ ನೀವು ಬರೆದ ಪದವನ್ನೇ ಹೆಚ್ಚಾಗಿ ನೆಚ್ಚುತ್ತದೆ. ಗ್ರಂಥಾಲಯದ ಸೂಚಿಯಲ್ಲಾದರೋ, ಲೇಖಕರು ವಿಷಯವನ್ನು ಬೇರೆ ಬೇರೆ ಹೆಸರುಗಳಿಂದ ಕರೆದಿದ್ದರೂ ಒಂದೇ ವಿಷಯದ ಕೃತಿಗಳನ್ನು ಒಂದೇ ವಿಷಯ ಶೀರ್ಷಿಕೆಯಡಿ ತಂದಿರುತ್ತಾರೆ. ಒಂದು ಒಳ್ಳೆಯ ಲೇಖನ ಸಿಕ್ಕರೆ ಅದರ ಉಲ್ಲೇಖಗಳ ಪಟ್ಟಿಯಿಂದ ಹಿಂದಕ್ಕೆ ಹೋಗಬಹುದು. ಅದನ್ನು ಮುಂದೆ ಯಾರು ಉಲ್ಲೇಖಿಸಿದರೆಂಬುದನ್ನು ಉಲ್ಲೇಖ ಸೂಚಿಗಳು ತೋರಿಸುತ್ತವೆ. ಅಮೆರಿಕದ ಮಾಹಿತಿ ವಿಜ್ಞಾನಿ ಯೂಜೀನ್ ಗಾರ್ಫೀಲ್ಡ್ 1960ರ ದಶಕದಲ್ಲಿ ವಿಜ್ಞಾನಕ್ಕಾಗಿ ಇಂಥ ಸೂಚಿಯನ್ನು ಆರಂಭಿಸಿದ್ದು ಸಂಶೋಧಕರಿಗೆ ಆದ ದೊಡ್ಡ ಉಪಕಾರವೆಂದೇ ನನ್ನ ಭಾವನೆ. ಪ್ರಕಟವಾದ ಲೇಖನವನ್ನು ಮುಂದೆ ಹಿಂತೆಗೆದುಕೊಂಡಿರುವುದೂ ಉಂಟು. ಆದ್ದರಿಂದ ಪತ್ರಿಕೆಯ ಜಾಲತಾಣದಲ್ಲಿ ಅದರ ಈಗಿನ ಸ್ಥಿತಿಯನ್ನು ನೋಡಿಕೊಳ್ಳಿ.

ಹಣ ಕೇಳುವ ಲೇಖನ ಎದುರಾದರೆ ಕೈಬಿಡಬೇಡಿ. ನಿಮ್ಮ ಗ್ರಂಥಾಲಯ ಅದಕ್ಕೆ ಚಂದಾ ಕಟ್ಟಿರಬಹುದು, ಇಲ್ಲವಾದರೆ ಬೇರೊಂದು ಗ್ರಂಥಾಲಯದಿಂದ ಎರವಲು ತರಿಸಿಕೊಡಬಹುದು. ಗ್ರಂಥಪಾಲಕರ ಬಳಿ ಹೋಗುವಾಗ ನಿಮ್ಮ ಸಂಶೋಧನ ಪ್ರಶ್ನೆಯನ್ನೂ ಈವರೆಗೆ ಎಲ್ಲೆಲ್ಲಿ, ಯಾವ ಪದಗಳಿಂದ ಹುಡುಕಿದಿರೆಂಬುದನ್ನೂ ಬರೆದುಕೊಂಡು ಹೋಗಿ.