ಕಾಫಿ ದುಡ್ಡು ಮಾರ್ಚಿಗೆ, ಹಸಿವು ಕಕ್ಕಡಕ್ಕೆ

(ಈ ಸಲ ಬಂದ ಪ್ರಶ್ನೆಗಳೆಲ್ಲ ಚರ್ಚುಗಳ ದಾನಧರ್ಮದ ಲೆಕ್ಕದ ಸುತ್ತಲೇ ಇವೆ. ಉತ್ತರಿಸಿದವರು ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿದ್ದು ನಿವೃತ್ತರಾದ ಮಹಿಳೆ. ಕೊಡಗಿನ ಸಿದ್ದಾಪುರ ಕಡೆಯ ಒಂದು ಕ್ಯಾಥೋಲಿಕ್ ಧರ್ಮಕೇಂದ್ರದ, ಅಂದರೆ ಒಂದು ಚರ್ಚು ಮತ್ತು ಅದಕ್ಕೆ ಸೇರಿದ ಮನೆಗಳ, ಸೇವಾ ನಿಧಿಯ ಲೆಕ್ಕ ಬರೆಯುತ್ತಾರೆ. ಹೆಸರು ಹಾಕಬೇಡಿ ಎಂದಿದ್ದಾರೆ.)

ಪ್ರಶ್ನೆ: ಮೇಡಂ, ನಮ್ಮೂರ ಚರ್ಚಿನವರು ಮಳೆಗಾಲದಲ್ಲಿ ಆದಿವಾಸಿಗಳ ಹಾಡಿಗಳಿಗೆ, ತೋಟದ ಕೂಲಿಯವರ ಲೈನ್ ಮನೆಗಳಿಗೆ ಅಕ್ಕಿ ಬೇಳೆ ಹಂಚುತ್ತಾರೆ. ದುಡ್ಡೆಲ್ಲ ಫಾರಿನ್ನಿಂದ ಬರುತ್ತದೆ ಅಂತ ನಮ್ಮ ಮನೆಯಲ್ಲಿ ಮಾತು. ಹೌದಾ?
— ಓದುಗರೊಬ್ಬರು, ಕುಶಾಲನಗರ

ಉತ್ತರ: ಹೌದಾಗಿದ್ದರೆ ಪ್ರತಿ ಜುಲೈಯಲ್ಲಿ ನಾನು ದಿನಸಿ ಅಂಗಡಿಯಲ್ಲಿ ನಿಂತು, "ಕಾಕಾ, ಅರ್ಧ ಈಗ ಕೊಡ್ತೇನೆ, ಉಳಿದ ಅರ್ಧ ಹದಿನೈದನೇ ತಾರೀಕಿಗೆ" ಅನ್ನಬೇಕಾಗಿರಲಿಲ್ಲ.

ವಿದೇಶದ ದುಡ್ಡು ಮುಟ್ಟಬೇಕಾದರೆ ಕೇಂದ್ರ ಗೃಹ ಸಚಿವಾಲಯದ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರಬೇಕು. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಇಳಿಯಬೇಕು. ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ. ಆಡಳಿತದ ಖರ್ಚು ಮೊದಲು ನೂರಕ್ಕೆ 50ರವರೆಗೆ ನಡೆಯುತ್ತಿತ್ತು, ಈಗ 20. ದೊಡ್ಡ ಸಂಸ್ಥೆಗಳು ಇಷ್ಟೆಲ್ಲ ನಿಭಾಯಿಸುತ್ತವೆ. ನಮ್ಮಂಥ ಒಂದು ಧರ್ಮಕೇಂದ್ರಕ್ಕೆ ಆ ನೋಂದಣಿಯೇ ಇಲ್ಲ. ದುಬೈಯಲ್ಲಿ ಡ್ರೈವರ್ ಆಗಿರುವ ನಮ್ಮೂರ ಹುಡುಗ ಕ್ರಿಸ್ಮಸ್‌ಗೆ ಹಣ ಕಳಿಸುತ್ತಾನೆ. ಅವನದು ಭಾರತದ ಪಾಸ್‌ಪೋರ್ಟ್, ಸ್ವಂತ ಉಳಿತಾಯ, ಬ್ಯಾಂಕಿನ ಮೂಲಕವೇ ಬರುತ್ತದೆ. ಅದು ವಿದೇಶಿ ದೇಣಿಗೆಯ ಲೆಕ್ಕಕ್ಕೆ ಸೇರುವುದಿಲ್ಲ, ಪಾಸ್‌ಪೋರ್ಟಿನ ಪ್ರತಿ ಫೈಲಿನಲ್ಲಿ ಇಟ್ಟಿದ್ದೇನೆ. ಅವನ ಅಕ್ಕ ಕೆನಡಾದ ಪೌರತ್ವ ತೆಗೆದುಕೊಂಡವಳು. ಅವಳು ಕಳಿಸುತ್ತೇನೆಂದ ನೂರು ಡಾಲರ್ ಬೇಡ ಅಂದೆ. ಇವತ್ತಿಗೂ ಊರಿಗೆ ಬಂದರೆ ನನ್ನ ಹತ್ತಿರ ಸರಿಯಾಗಿ ಮಾತಾಡುವುದಿಲ್ಲ.

ಮತ್ತೆ ದುಡ್ಡು ಎಲ್ಲಿಂದ? ಭಾನುವಾರದ ಕಾಣಿಕೆಯಿಂದ ಅಂದುಕೊಳ್ಳಬೇಡಿ. ಅದು ಕರೆಂಟ್ ಬಿಲ್ಲು, ಉಪದೇಶಿಯ ಸಂಬಳ, ಗೋಡೆಯ ಪಾಚಿ ತೆಗೆಸುವುದು, ಇದರಲ್ಲೇ ಕರಗುತ್ತದೆ. ಕೊಡಗಿನ ಮಳೆಗೆ ಚರ್ಚಿನ ಗೋಡೆ ಎಷ್ಟು ಬಣ್ಣ ಕುಡಿಯುತ್ತದೆ ಅಂತ ಬಣ್ಣ ಹೊಡೆಸಿದವರಿಗೇ ಗೊತ್ತು. ಬಡವರ ಪಾಲಿನದು ಬೇರೆ ದಾರಿಯಲ್ಲಿ ಬರುತ್ತದೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ 40 ದಿನ ಮನೆಮನೆಗೆ ಒಂದು ಕವರ್ ಕೊಡುತ್ತೇವೆ, ಮೀನು ಮಾಂಸ ಬಿಟ್ಟು ಉಳಿಸಿದ್ದನ್ನು ಅದರಲ್ಲಿ ಹಾಕುವುದು. ಅದರಲ್ಲಿ ಒಂದು ಪಾಲು ಧರ್ಮಪ್ರಾಂತ್ಯಕ್ಕೆ, ಅಂದರೆ ಮೈಸೂರಿನ ಬಿಷಪರ ಕಚೇರಿಗೆ ಹೋಗುತ್ತದೆ. ಆಮೇಲೆ ಹಬ್ಬದ ಹರಾಜು. ಸಿಎಸ್‌ಐ (ಪ್ರೊಟೆಸ್ಟೆಂಟ್) ಸಭೆಗಳವರ ಸುಗ್ಗಿ ಹಬ್ಬದ ಹರಾಜು ನಮ್ಮದಕ್ಕಿಂತ ಜೋರು, ಒಪ್ಪಿಕೊಳ್ಳುತ್ತೇನೆ. ಆದರೂ ನಮ್ಮಲ್ಲಿ ಒಂದು ವರ್ಷ ಒಂದೇ ನಾಟಿ ಹುಂಜ ಮೂರು ಸಲ ಮಾರಾಟವಾಯಿತು. ಕೂಗಿ ಹಿಡಿದವರು, "ಇಟ್ಟುಕೊಳ್ಳಿ, ಇನ್ನೊಮ್ಮೆ ಕೂಗಿ" ಅಂತ ವಾಪಸ್ ಕೊಟ್ಟರು, ಎರಡನೆಯವರೂ ಹಾಗೇ ಮಾಡಿದರು. ಮೂರನೆಯವರು ಕೊಂಡುಹೋಗಿ ಸಾರು ಮಾಡಿದರು.

ನನಗೆ ಇಷ್ಟವಾದದ್ದು ಬಡವರ ಸೇವೆಗೆಂದೇ ಇರುವ ವಿನ್ಸೆಂಟ್ ಡಿ ಪಾಲ್ ಸಭೆಯ ಚೀಲ. ಈ ಸಭೆ ಶುರುವಾದದ್ದು 1833ರಲ್ಲಿ, ಪ್ಯಾರಿಸ್‌ನಲ್ಲಿ. ಶುರುಮಾಡಿದವರ ಪೈಕಿ ಫ್ರೆಡರಿಕ್ ಓಝನಾಮ್‌ಗೆ ಆಗ 20 ವರ್ಷ, ಕಾಲೇಜು ಹುಡುಗ. ವಾರದ ಕೂಟ ಮುಗಿಯುವಾಗ ಒಂದು ಬಟ್ಟೆಯ ಚೀಲ ಸುತ್ತು ಬರುತ್ತದೆ. ಎಲ್ಲರೂ ಮುಷ್ಟಿ ಕಟ್ಟಿ ಒಳಗೆ ಕೈ ಹಾಕಬೇಕು, ಒಳಗೆ ಬೆರಳು ಬಿಡಿಸಬೇಕು. ಐನೂರು ಹಾಕಿದರೋ ಐದು ಹಾಕಿದರೋ ಬರೀ ಕೈ ತೆಗೆದರೋ ಪಕ್ಕದವರಿಗೆ ತಿಳಿಯಬಾರದು. ತೋಟದ ಯಜಮಾನರೂ ಅವರದೇ ತೋಟದಲ್ಲಿ ಲೆಕ್ಕ ಬರೆಯುವ ರೈಟರೂ ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಆ ಚೀಲ ಇಬ್ಬರ ಮುಂದೆಯೂ ಹಾಯುತ್ತದೆ.

ಇಷ್ಟೂ ಹೇಳಿದ ಮೇಲೆ ನಮ್ಮ ಜಿಲ್ಲೆಯ ನಿಜವಾದ ತೊಂದರೆ ಬೇರೆ. ಕಾಫಿ ಕುಯಿಲು ಡಿಸೆಂಬರ್‌ನಿಂದ ಫೆಬ್ರವರಿ. ಹಣ್ಣು ಒಣಗಿಸಿ, ಆ ಚೆರಿಯ ಮೂಟೆ ಮಾರಿ ಕೈಗೆ ಕಾಸು ಬರುವುದು ಮಾರ್ಚ್, ಏಪ್ರಿಲ್‌ಗೆ. ಆಗ ಕೊಡುವ ಕೈಯೂ ದೊಡ್ಡದು. ಹಸಿವು ಬರುವುದು ಕಕ್ಕಡ ತಿಂಗಳಲ್ಲಿ, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಜಡಿಮಳೆಗೆ ತೋಟದ ಕೆಲಸ ನಿಲ್ಲುತ್ತದೆ, ಕೆಲಸವಿಲ್ಲದ ದಿನಕ್ಕೆ ಕೂಲಿಯಿಲ್ಲ. ಹಾಗಾಗಿ ನಮ್ಮ ಕೆಲಸದ ಮುಕ್ಕಾಲು ಪಾಲು ಮಾರ್ಚಿನ ದುಡ್ಡನ್ನು ಕಕ್ಕಡದವರೆಗೆ ಯಾರೂ ಮುಟ್ಟದ ಹಾಗೆ ಕಾಯುವುದೇ.

ಪ್ರಶ್ನೆ: ನಾನು ಕ್ರೈಸ್ತನಲ್ಲ. ಪರಿಚಯದ ಫಾದರ್ ಕೈಯಲ್ಲಿ ಬಡಮಕ್ಕಳ ಸ್ಕೂಲ್ ಫೀಸಿಗೆ ಅಂತ 10,000 ಕೊಟ್ಟಿದ್ದೆ. ಅದು ಚರ್ಚ್ ಹಾಲ್‌ನ ಶೀಟಿಗೆ ಹೋಯಿತಂತೆ. ಕೇಳಿದರೆ ತಪ್ಪಾದೀತಾ?
— ಕಾಫಿ ಬೆಳೆಗಾರ, ಗೋಣಿಕೊಪ್ಪಲು

ಉತ್ತರ: ಕೇಳದಿದ್ದರೆ ತಪ್ಪು. ಕ್ಯಾಥೋಲಿಕ್ ಧರ್ಮಸಭೆಯ ಕಾನೂನಿನ 1267ನೇ ವಿಧಿಯಲ್ಲಿ ಸ್ಪಷ್ಟವಾಗಿದೆ: ಭಕ್ತರು ಯಾವ ಉದ್ದೇಶಕ್ಕೆ ಕೊಟ್ಟರೋ ಆ ಉದ್ದೇಶಕ್ಕೆ ಮಾತ್ರ ಬಳಸಬೇಕು. ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು ಅನ್ನುವುದು 537ನೇ ವಿಧಿ. ಫಾದರ್ ಒಬ್ಬರನ್ನೇ ನಿಲ್ಲಿಸಿ ಕೇಳುವುದಕ್ಕಿಂತ ಆ ಸಮಿತಿಗೆ ಒಂದು ಕಾಗದ ಬರೆಯಿರಿ. ಕೊಟ್ಟ ತಾರೀಕು, ಮೊತ್ತ, ಯಾವುದಕ್ಕೆ ಕೊಟ್ಟದ್ದು, ಮೂರೇ ಸಾಲು ಸಾಕು.

ನಿಮ್ಮ ಫಾದರನ್ನು ಬೈಯುವ ಅಧಿಕಾರ ನನಗಿಲ್ಲ, ಯಾಕೆಂದರೆ ಅದೇ ತಪ್ಪನ್ನು ನಾನೇ ಮಾಡಿದ್ದೇನೆ. 2018ರ ಮಳೆಗೆ ಚರ್ಚಿನ ಸೂರು ಸೋರಿತ್ತು. 2019ರ ಮೇಯಲ್ಲಿ ಹೆಂಚು ಬದಲಿಸಲು ಕಂಟ್ರಾಕ್ಟರ್ ಮುಂಗಡ ಕೇಳಿದ. ಕೈಯಲ್ಲಿದ್ದದ್ದು ಮಳೆಗಾಲದ ನಿಧಿ ಒಂದೇ. "ಜುಲೈ ಒಳಗೆ ವಾಪಸ್ ಹಾಕೋಣ" ಅಂತ ಸಮಿತಿಯಲ್ಲಿ ಎಲ್ಲರೂ ತಲೆಯಾಡಿಸಿದರು, ಚೆಕ್ಕು ಬರೆದವಳು ನಾನು. ಮೂವತ್ತು ವರ್ಷ ಕ್ಯಾಶಿನಲ್ಲಿ ಕೂತವಳಿಗೆ ಒಂದು ಖಾತೆಯ ಹಣ ಇನ್ನೊಂದಕ್ಕೆ ಎಳೆಯಬಾರದು ಅಂತ ಯಾರೂ ಹೇಳಿಕೊಡಬೇಕಿರಲಿಲ್ಲ. ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಯ ದಡದ ಮನೆಗಳಿಗೆ ನೀರು ನುಗ್ಗಿತು. ನಮ್ಮ ಹಾಲ್‌ಗೆ ಬಂದವರಿಗೆ ಮೊದಲ ರಾತ್ರಿ ಗಂಜಿ ಕಾಯಿಸಲು ನಾನು ಪಾಸ್‌ಬುಕ್ ತೆರೆದೆ. 1,140 ರೂಪಾಯಿ. ಮೇಲೆ ಹೊಸ ಹೆಂಚು, ಒಂದು ತೊಟ್ಟೂ ಸೋರುತ್ತಿರಲಿಲ್ಲ. ಆ ರಾತ್ರಿ ಅಕ್ಕಿ ಮೂಟೆ ಕೊಟ್ಟವರು ಅದೇ ಅಂಗಡಿಯ ಕಾಕ, ಚೀಟಿ ಕೂಡ ಬರೆಯಲಿಲ್ಲ.

ಅಂದಿನಿಂದ ಸೇವಾ ನಿಧಿಗೆ ಬೇರೆ ಖಾತೆ, ಬೇರೆ ಪಾಸ್‌ಬುಕ್, ಇಬ್ಬರ ಸಹಿ. ಆ ಇಬ್ಬರಲ್ಲಿ ಒಬ್ಬರು ಕಟ್ಟಡ ಸಮಿತಿಯಲ್ಲಿ ಇರಲೇಬಾರದು. ಮೂರು ತಿಂಗಳಿಗೊಮ್ಮೆ ಜಮಾ ಖರ್ಚು ನೋಟಿಸ್ ಬೋರ್ಡಿಗೆ. ನಿಮ್ಮ ಫಾದರಿಗೂ ಇದನ್ನು ಹೇಳಿ, ಬಹುಶಃ ಬೇಜಾರು ಮಾಡಿಕೊಳ್ಳಲಿಕ್ಕಿಲ್ಲ.

ಪ್ರಶ್ನೆ: ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹಳೇ ಬಟ್ಟೆ ಒಟ್ಟುಮಾಡಿದ್ದೇವೆ. ಕೊಡಗಿನ ಯಾವುದಾದರೂ ಚರ್ಚಿಗೆ ಕಳಿಸಬಹುದಾ?
— ಮಡಿಕೇರಿ ಮೂಲದ ಓದುಗರು

ಉತ್ತರ: ದಯವಿಟ್ಟು ಬೇಡ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿದಾಗ ಎಲ್ಲೆಲ್ಲಿಂದಲೋ ಲಾರಿಗಳಲ್ಲಿ ಬಟ್ಟೆ ಬಂತು. ನಾನು ಸ್ವಯಂಸೇವೆಗೆ ಹೋದ ಹಾಲ್‌ನಲ್ಲಿ ರಾಶಿ ಕಿಟಕಿಯ ಎತ್ತರ ಮುಟ್ಟಿತ್ತು. ಜರಿಯ ಶೇರ್ವಾನಿ, ಒಂಟಿ ಕಾಲಿನ ಶೂ, ಗುಂಡಿ ಇಲ್ಲದ ಕೋಟು. ನಾಲ್ಕನೇ ದಿನಕ್ಕೆ ಬೂಸಲು ಹಿಡಿದು ವಾಸನೆ ಶುರು. ಅಲ್ಲಿದ್ದ ಹೆಂಗಸರು ಮೆಲ್ಲಗೆ ಪಕ್ಕಕ್ಕೆ ಕರೆದು ಕೇಳಿದ್ದು ಒಳಉಡುಪು, ಪ್ಯಾಡು, ಟಾರ್ಚು, ಹಾಕಿಕೊಳ್ಳಲು ಒಂದು ಜೊತೆ ಚಪ್ಪಲಿ. ಬಟ್ಟೆ ಕಳಿಸುವ ಲಾರಿ ಬಾಡಿಗೆಯನ್ನೇ ಕಳಿಸಿದರೆ ಅದಿಷ್ಟೂ ಇಲ್ಲಿನ ಅಂಗಡಿಯಲ್ಲೇ ಸಿಗುತ್ತದೆ.

ಪ್ರಶ್ನೆ: ಚರ್ಚಿಗೆ ಕೊಟ್ಟರೆ ಆದಾಯ ತೆರಿಗೆ ರಿಯಾಯಿತಿಯ 80ಜಿ ರಸೀದಿ ಸಿಗುತ್ತದಾ?
— ಸೋಮವಾರಪೇಟೆ

ಉತ್ತರ: ಕಾಣಿಕೆಗೆ ಸಾಮಾನ್ಯವಾಗಿ ಇಲ್ಲ. ಒಂದೇ ಧರ್ಮದವರ ಹಿತಕ್ಕಾಗಿ ಇರುವ ಸಂಸ್ಥೆಗೆ ಆ ರಿಯಾಯಿತಿ ಇಲ್ಲ, ಅದಕ್ಕೇ ಧರ್ಮಪ್ರಾಂತ್ಯಗಳು ಸಮಾಜಸೇವೆಗೆ ಬೇರೆ ಸಂಸ್ಥೆ ನೋಂದಾಯಿಸುತ್ತವೆ. ಮೈಸೂರಿನ ಓಡಿಪಿ ಅಂಥದ್ದು. ಅಲ್ಲಿಗೆ ಕೊಡುವ ಮುಂಚೆ ಅನುಮೋದನೆ ಚಾಲ್ತಿಯಲ್ಲಿದೆಯೇ ಕೇಳಿಕೊಳ್ಳಿ, 2,000 ರೂಪಾಯಿ ಮೀರಿದರೆ ನಗದು ಕೊಡಬೇಡಿ. ನೀವು ತೆರಿಗೆಯ ಹೊಸ ಪದ್ಧತಿಯಲ್ಲಿದ್ದರೆ ಈ ತಲೆಬಿಸಿಯೇ ಬೇಡ, ಅಲ್ಲಿ ಆ ವಿನಾಯಿತಿ ಇಲ್ಲ.

ಪ್ರಶ್ನೆ: ಆಂಟಿ, ಸಿಟ್ಟು ಮಾಡಿಕೊಳ್ಳಬೇಡಿ. ಅಕ್ಕಿ ಕೊಟ್ಟು ಮತಾಂತರ ಮಾಡುತ್ತಾರೆ ಅಂತ ಕಾಲೇಜಿನಲ್ಲಿ ಹೇಳುತ್ತಾರೆ. ಏನು ಉತ್ತರ ಕೊಡಲಿ?
— ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ಸಿಟ್ಟು ಇಲ್ಲ ಮಗಳೇ. ಕೇಳುವುದೇ ವಾಸಿ. ಯಾರನ್ನೂ ಬಲವಂತದಿಂದ ನಂಬಿಕೆಗೆ ಎಳೆಯಬಾರದು ಅಂತ ನಮ್ಮದೇ ಕಾನೂನಿನ 748ನೇ ವಿಧಿ ಹೇಳುತ್ತದೆ. ಕಾನೂನು ಹೇಳಿತು ಅಂದಮಾತ್ರಕ್ಕೆ ಎಲ್ಲರೂ ಹಾಗೇ ನಡೆಯುತ್ತಾರೆ ಅಂತ ನಾನು ಪ್ರಮಾಣ ಮಾಡಲಾರೆ. ನಮ್ಮ ಪಟ್ಟಿಯ ಬಗ್ಗೆ ಮಾತ್ರ ಹೇಳಬಲ್ಲೆ. ಅದರಲ್ಲಿ ಮನೆಯ ಯಜಮಾನರು, ಎಷ್ಟು ಜನ, ಎಷ್ಟು ಮಕ್ಕಳು, ಕಾಯಿಲೆ ಏನು, ರೇಷನ್ ಕಾರ್ಡ್ ಉಂಟೋ, ಇಷ್ಟು ಕಾಲಂ. ಧರ್ಮಕ್ಕೆ ಕಾಲಮ್ಮೇ ಇಲ್ಲ. ಸಹಾಯ ಕೊಡುವಾಗ ಪ್ರಾರ್ಥನೆ ಮಾಡಬಾರದು, ಫೋಟೋ ತೆಗೆಯಬಾರದು. ಫೋಟೋದ ವಿಷಯಕ್ಕೆ ನಮ್ಮಲ್ಲೇ ದೊಡ್ಡ ಜಗಳವಾಗಿದೆ. ಕೊಟ್ಟವರಿಗೆ ವಾಟ್ಸಾಪ್‌ನಲ್ಲಿ ಏನಾದರೂ ಕಳಿಸಬೇಡವೇ ಅಂತ ಯುವಕರ ವಾದ. ಅಂಗಡಿ ಬಿಲ್ಲಿನ ಫೋಟೋ ಕಳಿಸಿ ಅಂದೆ.

ನಿನ್ನ ಊರಿನದೇ ಒಂದು ವಿಷಯ ನಿನ್ನ ಗೆಳತಿಯರಿಗೆ ಹೇಳು. ಸಂತ ಅನ್ನಮ್ಮನವರ ಚರ್ಚು ಶುರುವಾದದ್ದು 1792ರಲ್ಲಿ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ಯಾಥೋಲಿಕ್ ಕುಟುಂಬಗಳಿಗೆ ಜಾಗ ಕೊಟ್ಟವನು ದೊಡ್ಡ ವೀರರಾಜೇಂದ್ರ, ಕೊಡಗಿನ ಲಿಂಗಾಯತ ಅರಸ. ಕೊಡಗಿನಲ್ಲಿ ನಮ್ಮವರ ಕಥೆ ಶುರುವಾಗುವುದೇ ಬೇರೆ ಧರ್ಮದವನೊಬ್ಬ ಕೊಟ್ಟ ನೆಲದಲ್ಲಿ.

ಪ್ರಶ್ನೆ: ನಮ್ಮದು ನಲವತ್ತು ಮನೆಗಳ ಚಿಕ್ಕ ಸಭೆ. ಏನಾದರೂ ಸಹಾಯ ಶುರುಮಾಡಬೇಕೆಂದಿದೆ. ಎಲ್ಲಿಂದ ಹಿಡಿಯಬೇಕು?
— ಶನಿವಾರಸಂತೆ

ಉತ್ತರ: ಹಂಚುವುದರಿಂದ ಶುರುಮಾಡಬೇಡಿ, ಹೋಗಿ ಕೂರುವುದರಿಂದ ಶುರುಮಾಡಿ. ಇಬ್ಬಿಬ್ಬರಾಗಿ ಹೋಗಿ, ಅದು ವಿನ್ಸೆಂಟಿನವರ ಹಳೇ ಪದ್ಧತಿ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಒಲೆ ನೋಡುತ್ತಾರೆ. ಒಲೆಯಲ್ಲಿ ನಿನ್ನೆಯ ಬೂದಿ ಉಂಟೋ ಮೊನ್ನೆಯದೋ ಅಂತ ಗೊತ್ತಾದರೆ ಅರ್ಜಿ ಫಾರಂ ಬೇಡ.

ನಾವು ಮೊದಲ ವರ್ಷ ಎಲ್ಲ ಚೀಲಕ್ಕೂ ಒಂದೇ ಸಾಮಾನು ತುಂಬಿದೆವು: ಅಕ್ಕಿ 10 ಕೆಜಿ, ತೊಗರಿಬೇಳೆ, ಎಣ್ಣೆ, ಸಕ್ಕರೆ, ಚಾಪುಡಿ, ಒಣಮೀನು, ಮೇಣದಬತ್ತಿ, ಬೆಂಕಿಪೊಟ್ಟಣ. ಒಂದು ಲೈನ್ ಮನೆಯಲ್ಲಿ ಅಸ್ಸಾಮಿನಿಂದ ಬಂದ ಸಂಸಾರ ಇತ್ತು. ಚೀಲ ಬಿಚ್ಚಿ ನೋಡಿದ ಹೆಂಗಸು ಎಣ್ಣೆಯ ಪ್ಯಾಕೆಟ್ಟನ್ನು ಮೂಸಿ, ಗಂಡನ ಕಡೆ ನೋಡಿ ನಕ್ಕಳು. ಅವರದು ಸಾಸಿವೆ ಎಣ್ಣೆಯ ಅಡುಗೆ. ಈಗ ಚೀಲ ಬಿಟ್ಟು ಚೀಟಿ ಕೊಡುತ್ತೇವೆ, ಅಂಗಡಿಯಲ್ಲಿ ಅವರಿಗೆ ಬೇಕಾದ್ದನ್ನು ಅವರೇ ತೆಗೆದುಕೊಳ್ಳುತ್ತಾರೆ. ಚೀಟಿಗೆ ಹೆಂಡ ಬೀಡಿ ಕೊಡಬೇಡಿ ಅಂತ ಅಂಗಡಿಯಲ್ಲಿ ಮೊದಲೇ ಹೇಳಿಡಿ. ತಿಂಗಳ ಕೊನೆಗೆ ಲೆಕ್ಕ ಒಂದೇ ಸಲ ಚುಕ್ತಾ.

ದುಡ್ಡಿಲ್ಲದೆ ಆಗುವ ಕೆಲಸವೂ ಉಂಟು. ಹಾಡಿಯ ಒಬ್ಬ ಅಜ್ಜಿಗೆ ವಯಸ್ಸಾದವರ ಸಂಧ್ಯಾ ಸುರಕ್ಷಾ ಹಣ ಬರುತ್ತಿರಲಿಲ್ಲ, ಆಧಾರ್‌ನಲ್ಲಿ ವಯಸ್ಸು ತಪ್ಪಿತ್ತು. ನಾನು ಆಕೆಯ ಜೊತೆ ನಾಲ್ಕು ಸಲ ನಾಡಕಚೇರಿಗೆ ಹೋದೆ. ಬಸ್ ಚಾರ್ಜು, ಜೆರಾಕ್ಸು, ಎರಡು ಪ್ಲೇಟ್ ಪರೋಟ ಸೇರಿ ನಿಧಿಗೆ ಬಿದ್ದ ಖರ್ಚು 380 ರೂಪಾಯಿ. ನಾವು ವರ್ಷಕ್ಕೊಮ್ಮೆ ಕೊಡುವ ಅಕ್ಕಿಗಿಂತ ಆಕೆಗೆ ಅದು ದೊಡ್ಡದು, ಪ್ರತಿ ತಿಂಗಳೂ ಬರುತ್ತದಲ್ಲ. ನಿಮ್ಮ ಸಭೆಯಲ್ಲಿ ನಿವೃತ್ತ ಮೇಷ್ಟರೋ ಗುಮಾಸ್ತರೋ ಇದ್ದರೆ ಅವರನ್ನು ಈ ಕೆಲಸಕ್ಕೆ ಹಚ್ಚಿ. ಮನೆಯಲ್ಲಿ ಸುಮ್ಮನೆ ಕೂತು ಹೆಂಡತಿಯ ತಲೆ ತಿನ್ನುವುದು ತಪ್ಪುತ್ತದೆ.

ನಲವತ್ತು ಮನೆಯಿಂದ ಎಷ್ಟು ಬಂದೀತು ಅಂತ ಈಗಲೇ ಲೆಕ್ಕ ಹಾಕಬೇಡಿ. ಮಾರ್ಚಿನಲ್ಲಿ ಖಾತೆ ತೆರೆಯಿರಿ, ಮೇ ಕೊನೆಗೆ ಅಂಗಡಿಯವರ ಹತ್ತಿರ ಮಾತಾಡಿ, ಜೂನ್ ಮಳೆ ಹಿಡಿಯುವ ಮುಂಚೆ ಮನೆಗಳಿಗೆ ಒಂದು ಸುತ್ತು ಹೋಗಿ ಬನ್ನಿ. ಕೂಟದಲ್ಲಿ ಸುತ್ತು ಬರುವ ಆ ಕಾಣಿಕೆ ಚೀಲ ಹೊಲಿಸುವುದಾದರೆ ಗಾಢ ಬಣ್ಣದ ದಪ್ಪ ಬಟ್ಟೆ ತೆಗೆದುಕೊಳ್ಳಿ. ನಮ್ಮದು ಮೊದಲು ಬಿಳಿ ಪಾಪ್ಲಿನ್ ಇತ್ತು, ಯಾರು ಯಾವ ನೋಟು ಹಾಕಿದರು ಅಂತ ಹೊರಗಿನಿಂದಲೇ ಕಾಣುತ್ತಿತ್ತು.